ಕಾವಲುಗಾರ ಬಾಬ್‌ನ ಸಾವು ಯಾರ ಲೆಕ್ಕಕ್ಕೆ?

ಧಗೆಯ ದಿನ. ಜೈಲಿನ ಏರ್ ಕಂಡೀಷನರ್ ನಿಂತುಹೋಗಿದೆ. ಬೆವರಿ ಬಸವಳಿದ ಕೈದಿಗಳು ಕಂಬಿ ಬಡಿದು ಕೂಗಾಡುತ್ತಾರೆ, ಅಧಿಕಾರಿಗಳು ಎಲ್ಲರನ್ನೂ ಸೆಲ್‌ಗಳಿಗೆ ತುಂಬಿ ಬೀಗ ಜಡಿಯುತ್ತಾರೆ. ಒಬ್ಬನಿಗೆ ಬೇಕಾಗಿದ್ದುದೂ ಅದೇ. ಮೈಕೆಲ್ ಸ್ಕೋಫೀಲ್ಡ್ ತನ್ನ ಸೆಲ್‌ನ ಕಮೋಡ್ ಸರಿಸಿ ಹಿಂದಿನ ಓಣಿಗೆ ನುಸುಳುತ್ತಾನೆ. ಮೈಮೇಲಿನ ಹಚ್ಚೆಯಲ್ಲಿರುವ ದೆವ್ವದ ಮುಖವನ್ನು ಹಾಳೆಗೆ ಇಳಿಸಿಕೊಂಡಿದ್ದಾನೆ. ಅದರ ನೆರಳನ್ನು ಟಾರ್ಚ್ ಬೆಳಕಿನಲ್ಲಿ ಕಾಂಕ್ರೀಟ್ ಗೋಡೆಯ ಮೇಲೆ ಬೀಳಿಸಿ, ಎಲ್ಲೆಲ್ಲಿ ತೂತು ಕೊರೆಯಬೇಕೆಂದು ಗುರುತು ಹಾಕುತ್ತಾನೆ. ಕೊರೆಯುವ ಸಾಧನ, ಅಡುಗೆಮನೆಯಲ್ಲಿ ಮೊಟ್ಟೆ ಕಡೆಯುವ ಕೈಯಂತ್ರ. ಇಡೀ ಗೋಡೆ ಒಡೆಯುವುದು ಬೇಡ, ಸರಿಯಾದ ಜಾಗಗಳಲ್ಲಿ ಸಣ್ಣ ತೂತುಗಳು ಬಿದ್ದರೆ ಗೋಡೆಯೇ ದುರ್ಬಲವಾಗುತ್ತದೆ ಎಂಬುದು ಅವನ ಎಂಜಿನಿಯರಿಂಗ್ ಲೆಕ್ಕ.

ಆ ಏರ್ ಕಂಡೀಷನರ್ ಕೆಟ್ಟಿದ್ದಲ್ಲ, ಮೈಕೆಲ್ ಕೆಡಿಸಿದ್ದು.

ಕೂಗಾಟ ದಂಗೆಯಾಗುತ್ತದೆ. ಬಾಬ್ ಎಂಬ ಕಾವಲುಗಾರ ಕೈದಿಗಳ ಕೈಗೆ ಸಿಕ್ಕಿಬೀಳುತ್ತಾನೆ. ಮೈಕೆಲ್‌ನ ಸೆಲ್ಲಿಗೆ ಎಳೆದು ತಂದಾಗ ಗೋಡೆಯ ಕಿಂಡಿ ಅವನ ಕಣ್ಣಿಗೆ ಬೀಳುತ್ತದೆ. ಅವನನ್ನು ಹಿಡಿದು ತಂದ ಟಿ-ಬ್ಯಾಗ್ ಎಂಬ ಕ್ರೂರಿಯೂ ಅದನ್ನು ನೋಡುತ್ತಾನೆ. ಬಾಬ್‌ನನ್ನು ಉಳಿಸಲು ಮೈಕೆಲ್ ಹೆಣಗುತ್ತಾನೆ. ಆದರೆ ದಂಗೆ ಮುಗಿಯುವ ಹೊತ್ತಿಗೆ ಟಿ-ಬ್ಯಾಗ್ ಬಾಬ್‌ಗೆ ಇರಿದು ಮಹಡಿಯಿಂದ ಕೆಳಕ್ಕೆ ತಳ್ಳುತ್ತಾನೆ.

‘ಪ್ರಿಸನ್ ಬ್ರೇಕ್’ ಎಂಬ ಟಿವಿ ಸರಣಿ ನೋಡಿದವರು ಸುಮಾರು ಇಪ್ಪತ್ತು ವರ್ಷಗಳಿಂದ ವಾದಿಸುತ್ತಿರುವ ಎರಡು ಪ್ರಶ್ನೆಗಳು ಈ ಒಂದೇ ಪ್ರಸಂಗದಲ್ಲಿವೆ. ಮೊಟ್ಟೆ ಕಡೆಯುವ ಯಂತ್ರದಿಂದ ಕಾಂಕ್ರೀಟ್ ಕೊರೆಯಲು ಆಗುತ್ತದೆಯೇ? ಬಾಬ್‌ನ ಸಾವಿಗೆ ಮೈಕೆಲ್ ಹೊಣೆಯೇ? ಮೊದಲನೆಯದು ಕಥೆಯ ತರ್ಕದ ಪ್ರಶ್ನೆ, ಎರಡನೆಯದು ನೀತಿಯ ಪ್ರಶ್ನೆ ಎಂದು ಅಭಿಮಾನಿಗಳು ಸಾಮಾನ್ಯವಾಗಿ ಬೇರೆಬೇರೆಯಾಗಿ ಚರ್ಚಿಸುತ್ತಾರೆ. ಆದರೆ ಇವನ್ನು ಬಿಡಿಸಿ ನೋಡಲು ಬರುವುದಿಲ್ಲ. ಅಣ್ಣನನ್ನು ಉಳಿಸಲು ಹೊರಟವನ ಯೋಜನೆ ಬೋಲ್ಟಿನ ಅಳತೆಯವರೆಗೂ ಪಕ್ಕಾ ಇದ್ದಮೇಲೆ, ಅದರಿಂದಾದ ಅನಾಹುತವನ್ನು ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ. ತರ್ಕ ಗಟ್ಟಿಯಾದಷ್ಟೂ ಹೊಣೆ ಭಾರವಾಗುತ್ತದೆ.

ಈ ಸರಣಿ ಹುಟ್ಟಿದ್ದೇ ತರ್ಕದ ಪ್ರಶ್ನೆಯೊಂದರಿಂದ. ಜೈಲಿನಿಂದ ತಪ್ಪಿಸಿಕೊಳ್ಳಲೆಂದೇ ಒಬ್ಬ ಬೇಕೆಂದು ಜೈಲಿಗೆ ಹೋದರೆ ಹೇಗೆ ಎಂದು ಪರಿಚಿತ ನಿರ್ಮಾಪಕಿಯೊಬ್ಬರು ಲೇಖಕ ಪಾಲ್ ಶ್ಯೂರಿಂಗ್ ಅವರಿಗೆ ಹೇಳಿದ್ದರು. ಕೇಳಲು ಚೆನ್ನಾಗಿದೆ, ಆದರೆ ಬುದ್ಧಿ ನೆಟ್ಟಗಿರುವ ಯಾರಾದರೂ ಹಾಗೇಕೆ ಮಾಡುತ್ತಾರೆ ಎಂದು ಶ್ಯೂರಿಂಗ್ ತಲೆ ಕೆಡಿಸಿಕೊಂಡರು. ಮಾಡದ ಕೊಲೆಗಾಗಿ ಮರಣದಂಡನೆಗೆ ಕಾದಿರುವ ಅಣ್ಣ ಆಗ ಕಥೆಯೊಳಗೆ ಬಂದ. ಫಾಕ್ಸ್ ವಾಹಿನಿ 2003ರಲ್ಲಿ ಈ ಕಥೆಯನ್ನು ಬೇಡವೆಂದಿತ್ತು. ‘ಲಾಸ್ಟ್’, ‘24’ನಂಥ ಮುಂದುವರಿದ ಕಥೆಯ ಸರಣಿಗಳು ಗೆದ್ದಮೇಲೆ ಒಪ್ಪಿಕೊಂಡಿತು. 2005ರ ಆಗಸ್ಟ್ 29ರಂದು ಮೊದಲ ಕಂತು ಪ್ರಸಾರವಾದಾಗ ಅಮೆರಿಕದಲ್ಲಿ ಸುಮಾರು ಒಂದು ಕೋಟಿ ಜನ ನೋಡಿದರು. ಚೀನಾದ ಯುವಕರು ರಾತ್ರಿಯಿಡೀ ಕೂತು ಪ್ರತಿ ಕಂತಿಗೂ ತಮ್ಮ ಭಾಷೆಯ ಸಬ್‌ಟೈಟಲ್ ಕೂಡಿಸಿ ಹಂಚಿದರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗಳಲ್ಲೂ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹರಿದಾಡಿದ ಸರಣಿ ಇದು. ನಾಯಕ ಸಿವಿಲ್ ಎಂಜಿನಿಯರ್ ಎಂಬುದು ಅಲ್ಲಿನ ಹುಡುಗರಿಗೆ ಒಂದು ಹೆಮ್ಮೆಯಾಗಿತ್ತು.

ಮೊದಲ ಸೀಸನ್‌ನ ಕಥೆ ಸರಳ. ಲಿಂಕನ್ ಬರೋಸ್ ಅಮೆರಿಕದ ಉಪಾಧ್ಯಕ್ಷೆಯ ಸಹೋದರನನ್ನು ಕೊಂದ ಆರೋಪ ಹೊತ್ತು ಇಲಿನಾಯ್ ರಾಜ್ಯದ ಫಾಕ್ಸ್ ರಿವರ್ ಜೈಲಿನಲ್ಲಿದ್ದಾನೆ. ತಮ್ಮ ಮೈಕೆಲ್ ಕೆಲಸ ಮಾಡುತ್ತಿದ್ದ ಕಂಪನಿ ಅದೇ ಜೈಲನ್ನು ನವೀಕರಿಸಿತ್ತು. ಅವನು ಕಟ್ಟಡದ ನಕ್ಷೆಯನ್ನು ಮೈತುಂಬ ಹಚ್ಚೆಯಾಗಿ ಹುಯ್ಯಿಸಿಕೊಂಡು, ಬ್ಯಾಂಕ್ ದರೋಡೆಗೆ ನುಗ್ಗಿ ಚಾವಣಿಗೆ ಗುಂಡು ಹಾರಿಸಿ, ತಾನಾಗಿಯೇ ಸಿಕ್ಕಿಬಿದ್ದು ಅಲ್ಲಿಗೆ ಹೋಗುತ್ತಾನೆ.

ಅಭಿಮಾನಿಗಳ ತಕರಾರು ಶುರುವಾಗುವುದು ಇಲ್ಲಿಂದಲೇ. ಅಮೆರಿಕದಲ್ಲಿ ಬ್ಯಾಂಕ್ ದರೋಡೆ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಕಾನೂನಿನಡಿ ಬರುವ ಅಪರಾಧ, ಹಾಗಿದ್ದಮೇಲೆ ಮೈಕೆಲ್ ರಾಜ್ಯದ ಜೈಲಿಗೆ ಹೇಗೆ ಹೋದ? ಯಾವ ಜೈಲು ಎಂಬುದನ್ನು ಕೈದಿ ಆರಿಸುವಂತಿಲ್ಲ, ಬಂದೀಖಾನೆ ಇಲಾಖೆಯೇ ನಿರ್ಧರಿಸುತ್ತದೆ. ಮರಣದಂಡನೆಗೆ ಕಾದಿರುವ ಲಿಂಕನ್‌ನನ್ನು ಉಳಿದ ಕೈದಿಗಳ ಜೊತೆ ಬಣ್ಣ ಬಳಿಯುವ, ನೆಲ ಅಗೆಯುವ ಕೆಲಸಕ್ಕೆ ಬಿಡುವವರು ಯಾರು? ಹಚ್ಚೆಯ ವಿಷಯವಂತೂ ಇನ್ನೂ ತೊಡಕಿನದು. ಅಲ್ಲಿನ ಜೈಲುಗಳಲ್ಲಿ ಹೊಸ ಕೈದಿಯ ಮೈಮೇಲಿನ ಹಚ್ಚೆಗಳನ್ನೆಲ್ಲ ದಾಖಲಿಸುವುದು ವಾಡಿಕೆ. ಯಾವ ಗ್ಯಾಂಗಿಗೆ ಸೇರಿದವನೆಂಬುದು ಅದರಿಂದ ತಿಳಿಯುತ್ತದೆ. ಇಲಿನಾಯ್ ಇಲಾಖೆ ಕೈದಿಗಳ ಬಗ್ಗೆ ಸಾರ್ವಜನಿಕವಾಗಿ ಕೊಡುವ ವಿವರಗಳಲ್ಲೂ ಹಚ್ಚೆ, ಗಾಯದ ಗುರುತುಗಳ ಪಟ್ಟಿ ಇರುತ್ತದೆ. ಮೇಲ್ಮೈಯೆಲ್ಲ ಹಚ್ಚೆಯಾದವನೊಬ್ಬ ಬಂದರೆ ಯಾರೂ ಕಣ್ಣರಳಿಸಿ ನೋಡಲಿಲ್ಲವೆಂದರೆ ನಂಬುವುದು ಹೇಗೆ?

ಮಧುಮೇಹದ ನಾಟಕವನ್ನು ವೈದ್ಯಕೀಯ ಓದಿದವರು ಬಿಡುವುದಿಲ್ಲ. ಜೈಲಿನ ಆಸ್ಪತ್ರೆಗೆ ದಿನವೂ ಹೋಗಿಬರಲು ಮೈಕೆಲ್ ತನಗೆ ಟೈಪ್ 1 ಮಧುಮೇಹವಿದೆ ಎಂದು ಸುಳ್ಳು ಹೇಳುತ್ತಾನೆ. ಚುಚ್ಚುವ ಇನ್ಸುಲಿನ್ ಆರೋಗ್ಯವಂತನಾದ ತನ್ನನ್ನು ಕೊಲ್ಲದಿರಲೆಂದು ‘ಪಗ್‌ನ್ಯಾಕ್’ ಎಂಬ ಮಾತ್ರೆಯನ್ನು ಕದ್ದುಮುಚ್ಚಿ ತರಿಸಿಕೊಳ್ಳುತ್ತಾನೆ. ಆ ಹೆಸರಿನ ರಾಸಾಯನಿಕ ನಿಜಕ್ಕೂ ಇದೆ, ಜೀವಕೋಶಗಳಲ್ಲಿ ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಉಂಟುಮಾಡಲು ಸಂಶೋಧಕರು ಅದನ್ನು ಬಳಸುತ್ತಾರೆ. ಆದರೆ ಅದು ಪ್ರಯೋಗಾಲಯದ ವಸ್ತು, ಔಷಧದಂಗಡಿಯ ಮಾತ್ರೆಯಲ್ಲ.

ಇಷ್ಟೆಲ್ಲ ತೂತುಗಳಿದ್ದರೂ ಮೊದಲ ಸೀಸನ್ ಕುಸಿಯುವುದಿಲ್ಲ. ಏಕೆಂದರೆ ಅದು ತನ್ನ ನಿಯಮಗಳಿಗೆ ತಾನು ನಿಷ್ಠವಾಗಿದೆ. ಎರಡನೇ ಕಂತಿನ ಬೋಲ್ಟ್ ಪ್ರಸಂಗವನ್ನೇ ನೋಡಿ. ಕಮೋಡನ್ನು ಗೋಡೆಗೆ ಬಿಗಿದಿರುವ ಬೋಲ್ಟ್ ಬಿಚ್ಚಲು ಅಲೆನ್ ಕೀ ಬೇಕು. ಜೈಲಿನಲ್ಲಿ ಅದು ಸಿಗುವುದಿಲ್ಲ. ಮೈದಾನದ ಬೆಂಚಿನಿಂದ ಒಂದು ಬೋಲ್ಟನ್ನು ಬಿಚ್ಚಿ, ತುದಿಯನ್ನು ಉಜ್ಜಿ ಉಜ್ಜಿ ಬೇಕಾದ ಆಕಾರಕ್ಕೆ ತಂದು, ತೋಳಿನ ಹಚ್ಚೆಯ ಪಕ್ಕ ಹಿಡಿದು ಅಳತೆ ನೋಡುತ್ತಾನೆ ಮೈಕೆಲ್. ಆ ಬೆಂಚು ಟಿ-ಬ್ಯಾಗ್ ಕೂರುವ ಜಾಗ. ಒಂದು ತುಂಡು ಕಬ್ಬಿಣಕ್ಕಾಗಿ ಅವನು ಕೆಟ್ಟವರ ಸಹವಾಸ, ಹೊಡೆತ, ಬೆದರಿಕೆ ಎಲ್ಲವನ್ನೂ ಸಹಿಸಬೇಕಾಗುತ್ತದೆ. ಮಾಫಿಯಾ ಮುಖಂಡ ಅಬ್ರುಝಿಯ ಕಡೆಯವರು ಅವನ ಕಾಲಿನ ಬೆರಳುಗಳನ್ನೇ ಕತ್ತರಿಸುತ್ತಾರೆ. ಯಾವುದೂ ಪುಕ್ಕಟೆ ಸಿಗುವುದಿಲ್ಲ ಎಂಬ ಈ ಕಟ್ಟುನಿಟ್ಟನ್ನು ನೋಡುಗರು ಮೆಚ್ಚಿದರು. ಸೀಸನ್‌ನ ಮಧ್ಯದಲ್ಲಿ ಎಲ್ಲ ಸಿದ್ಧವಾಗಿ ಆಸ್ಪತ್ರೆಯ ಕೆಳಗೆ ತಲುಪಿದಾಗ, ದಿನಗಟ್ಟಲೆ ಆಮ್ಲ ಹಾಕಿ ಸವೆಸಿದ್ದ ಹಳೆಯ ಪೈಪಿನ ಜಾಗದಲ್ಲಿ ಹೊಸ ಪೈಪ್ ಬಂದಿರುತ್ತದೆ. ಯಾರೋ ಸಿಬ್ಬಂದಿ ಮಾಮೂಲಾಗಿ ಬದಲಿಸಿಬಿಟ್ಟಿದ್ದಾರೆ. ಇಡೀ ಯೋಜನೆ ಅಲ್ಲಿಗೆ ನೆಲ ಕಚ್ಚುತ್ತದೆ. ಸರಣಿಯ ಅತ್ಯುತ್ತಮ ಘಳಿಗೆ ಯಾವುದೆಂದು ಕೇಳಿದರೆ ಹಲವರು ಈ ಸೋಲನ್ನೇ ಹೆಸರಿಸುತ್ತಾರೆ, ಅದು ಸರಿಯಾದ ಆಯ್ಕೆಯೂ ಹೌದು.

ಉಪಕರಣಗಳ ಬಗ್ಗೆ ಅನುಮಾನ ಪಡುವವರಿಗೆ ಚರಿತ್ರೆಯಲ್ಲಿ ಉತ್ತರವಿದೆ. 1962ರ ಜೂನ್ 11ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಅಲ್ಕಟ್ರಾಜ್ ಜೈಲಿನಿಂದ ಫ್ರಾಂಕ್ ಮೋರಿಸ್, ಆಂಗ್ಲಿನ್ ಸಹೋದರರಾದ ಜಾನ್ ಮತ್ತು ಕ್ಲಾರೆನ್ಸ್ ಪರಾರಿಯಾದರು. ಅವರು ಗೋಡೆ ಕೆರೆದದ್ದು ಚಮಚಗಳಿಂದ. ಡ್ರಿಲ್ ಮಾಡಿಕೊಂಡದ್ದು ವ್ಯಾಕ್ಯೂಮ್ ಕ್ಲೀನರ್‌ನ ಮೋಟರಿನಿಂದ. ಹಾಸಿಗೆಯಲ್ಲಿ ಮಲಗಿಸಿದ್ದು ಸೋಪು, ಕಾಗದ, ಕಾಂಕ್ರೀಟ್ ಪುಡಿ ಕಲಸಿ ಮಾಡಿ, ಕ್ಷೌರದಂಗಡಿಯ ನಿಜವಾದ ಕೂದಲು ಅಂಟಿಸಿದ ತಲೆಗಳನ್ನು. ತೆಪ್ಪ ಹೊಲಿದದ್ದು ಐವತ್ತಕ್ಕೂ ಹೆಚ್ಚು ರೇನ್‌ಕೋಟ್‌ಗಳಿಂದ. ಅವರು ಬದುಕಿದರೋ ಮುಳುಗಿದರೋ ಇಂದಿಗೂ ಗೊತ್ತಾಗಿಲ್ಲ. ಆ ಗುಂಪಿನಲ್ಲಿ ನಾಲ್ಕನೆಯವನೊಬ್ಬನಿದ್ದ, ಅಲೆನ್ ವೆಸ್ಟ್. ಅವನ ಸೆಲ್ಲಿನ ಕಿಂಡಿ ಆ ರಾತ್ರಿ ಹೊತ್ತಿಗೆ ಸರಿಯಾಗಿ ತೆರೆದುಕೊಳ್ಳಲಿಲ್ಲ. ಉಳಿದ ಮೂವರು ಕಾಯದೆ ಹೋದರು. ಜೈಲಿನಿಂದ ತಪ್ಪಿಸಿಕೊಳ್ಳುವ ನಿಜ ಕಥೆಗಳಲ್ಲಿ ಹೀಗೆ ಹಿಂದೆ ಉಳಿದುಹೋದವನೊಬ್ಬ ಇರಬಹುದು.

ಇನ್ನೊಂದು ನಿಜ ಘಟನೆ ‘ಪ್ರಿಸನ್ ಬ್ರೇಕ್’ನ ನೀತಿಚರ್ಚೆಗೆ ಇನ್ನೂ ಹತ್ತಿರದ್ದು. ಸರಣಿಯಲ್ಲಿ ಜೈಲಿನ ವೈದ್ಯೆ ಸಾರಾ ಟ್ಯಾಂಕ್ರೆಡಿ ರಾಜ್ಯಪಾಲರ ಮಗಳು, ಮಾದಕವ್ಯಸನದಿಂದ ಕಷ್ಟಪಟ್ಟು ಹೊರಬಂದವಳು. ದಿನವೂ ಬರುವ ಸೌಮ್ಯ ಕೈದಿಯ ಮೇಲೆ ಅವಳಿಗೆ ಮನಸ್ಸಾಗುತ್ತದೆ. ಕೊನೆಗೆ ಅವನು ಕೇಳುವುದು ಒಂದೇ, ಆಸ್ಪತ್ರೆಯ ಬಾಗಿಲಿಗೆ ಬೀಗ ಹಾಕದೆ ಹೋಗು. ಅವಳು ಹಾಗೇ ಮಾಡಿ, ಮನೆಗೆ ಹೋಗಿ ಮಾದಕವಸ್ತು ಸೇವಿಸಿ ಸಾವಿನಂಚಿಗೆ ಹೋಗುತ್ತಾಳೆ. ಮೈಕೆಲ್ ಅವಳನ್ನು ಪ್ರೀತಿಸಿದನೋ ಬಳಸಿಕೊಂಡನೋ? ಎರಡೂ ಹೌದು ಎನ್ನುವವರೇ ಹೆಚ್ಚು. ಆದರೆ ಪ್ರೀತಿ ಹುಟ್ಟುವ ಮೊದಲೇ ಯೋಜನೆ ಸಿದ್ಧವಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆ ವೈದ್ಯೆಯ ಕೋಣೆಗೆ ದಾರಿ ಮಾಡಿಕೊಳ್ಳಲೆಂದೇ ಅವನು ಮಧುಮೇಹದ ಸುಳ್ಳು ಹೇಳಿಕೊಂಡು ಬಂದಿದ್ದ.

ಇದಕ್ಕೆ ಹತ್ತಿರದ ಆ ನಿಜ ಘಟನೆ ಹೀಗಿದೆ. 2015ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಡ್ಯಾನೆಮೋರಾದ ಕ್ಲಿಂಟನ್ ಜೈಲಿನಿಂದ ರಿಚರ್ಡ್ ಮ್ಯಾಟ್, ಡೇವಿಡ್ ಸ್ವೆಟ್ ಎಂಬ ಇಬ್ಬರು ಕೊಲೆಗಾರರು ಉಕ್ಕಿನ ಗೋಡೆ, ಹಬೆಯ ಪೈಪ್ ಕೊಯ್ದು ಮ್ಯಾನ್‌ಹೋಲ್ ಮೂಲಕ ಹೊರಬಂದರು. ಗರಗಸದ ಅಲಗುಗಳನ್ನು ಹೆಪ್ಪುಗಟ್ಟಿಸಿದ ಮಾಂಸದೊಳಗೆ ಅಡಗಿಸಿ ಕೊಟ್ಟವಳು ಜೈಲಿನ ಹೊಲಿಗೆ ವಿಭಾಗದ ಮೇಲ್ವಿಚಾರಕಿ ಜಾಯ್ಸ್ ಮಿಚೆಲ್. ಕಾರು ತಂದು ಕಾಯಬೇಕಿದ್ದವಳು ಆ ರಾತ್ರಿ ಹೆದರಿ ಹೋಗಲಿಲ್ಲ. ಮೂರು ವಾರ ನೂರಾರು ಪೊಲೀಸರು ಕಾಡು ಜಾಲಾಡಿದರು. ಮ್ಯಾಟ್ ಗುಂಡೇಟಿಗೆ ಸತ್ತ, ಎರಡು ದಿನದ ನಂತರ ಸ್ವೆಟ್ ಗಾಯಗೊಂಡು ಸೆರೆಸಿಕ್ಕ. ಮಿಚೆಲ್ ತಾನೇ ಜೈಲು ಸೇರಿದಳು. ಬೆನ್ ಸ್ಟಿಲ್ಲರ್ ನಿರ್ದೇಶನದಲ್ಲಿ 2018ರಲ್ಲಿ ಬಂದ ‘ಎಸ್ಕೇಪ್ ಅಟ್ ಡ್ಯಾನೆಮೋರಾ’ ಈ ಕಥೆಯನ್ನು ಹೇಳುತ್ತದೆ. ಅದನ್ನು ನೋಡಿದ ಬಳಿಕ ಸಾರಾ ತೆರೆದಿಟ್ಟ ಬಾಗಿಲು ಬರೀ ಪ್ರೇಮದ ಗುರುತಾಗಿ ಕಾಣುವುದಿಲ್ಲ. ಲಿಂಕನ್ ನಿರಪರಾಧಿ, ಮ್ಯಾಟ್ ಮತ್ತು ಸ್ವೆಟ್ ಅಲ್ಲ ಎಂದು ಅಭಿಮಾನಿಗಳು ಹೇಳುತ್ತಾರೆ. ಸರಿ. ಆದರೆ ಸಾರಾ ತೆರೆದಿಟ್ಟ ಬಾಗಿಲಿನಿಂದ ಹೊರಬಿದ್ದವರಲ್ಲಿ ಲಿಂಕನ್ ಒಬ್ಬನೇ ಇರಲಿಲ್ಲ.

ಎಂಟು ಜನ ಹೊರಬಂದರು. ಅವರಲ್ಲಿ ಹುಡುಗಿಯನ್ನು ಮದುವೆಯಾಗಲು ಉಂಗುರಕ್ಕಾಗಿ ಅಂಗಡಿ ದೋಚಿದ ಸುಕ್ರೆ ಇದ್ದ. ಸೈನ್ಯದಲ್ಲಿ ಕೈದಿಗಳ ಮೇಲಿನ ಹಿಂಸೆಯನ್ನು ವರದಿ ಮಾಡಹೋಗಿ ಕೆಲಸ ಕಳೆದುಕೊಂಡ ಸಿ-ನೋಟ್ ಇದ್ದ. ಬೇಸ್‌ಬಾಲ್ ಕಾರ್ಡ್ ಕದ್ದು ಐದು ವರ್ಷದ ಶಿಕ್ಷೆಗೆ ಒಳಗಾದ ಟ್ವೀನರ್ ಎಂಬ ಎಳೆ ಹುಡುಗನಿದ್ದ. ಮಕ್ಕಳನ್ನು ಅಪಹರಿಸಿ, ಅತ್ಯಾಚಾರ ಮಾಡಿ ಕೊಂದ ಟಿ-ಬ್ಯಾಗ್ ಕೂಡ ಇದ್ದ. ಅವನನ್ನು ಯಾರೂ ಬಯಸಿ ಸೇರಿಸಿಕೊಂಡಿರಲಿಲ್ಲ. ಕಿಂಡಿ ನೋಡಿದವನ ಬಾಯಿ ಮುಚ್ಚಿಸಲು ಬೇರೆ ದಾರಿ ಇರಲಿಲ್ಲ. ಹೊರಬಂದವನು ಎರಡನೇ ಸೀಸನ್‌ನಲ್ಲಿ ತನ್ನ ತುಂಡಾದ ಕೈ ಹೊಲಿಸಿಕೊಂಡು ಪಶುವೈದ್ಯನನ್ನು ಕೊಲ್ಲುತ್ತಾನೆ, ಆಮೇಲೆ ಇನ್ನೂ ಕೆಲವರನ್ನು. ಬಾಬ್‌ನ ಹೆಸರಿನ ಕೆಳಗೆ ಈ ಹೆಸರುಗಳನ್ನೂ ಬರೆಯಬೇಕು.

ಮೈಕೆಲ್‌ನ ಪರ ವಕಾಲತ್ತು ವಹಿಸುವವರ ಮುಖ್ಯ ವಾದ ಉದ್ದೇಶದ್ದು. ಅವನು ಯಾರನ್ನೂ ಕೊಲ್ಲಲು ಹೊರಟಿರಲಿಲ್ಲ, ಅಣ್ಣನ ಜೀವ ಉಳಿಸಲು ಬಂದಿದ್ದ. ನಮ್ಮಲ್ಲಿ ಇದೇ ವಾದವನ್ನು ಮಹಾಭಾರತದ ಅರಗಿನ ಮನೆಯ ಪ್ರಸಂಗದಲ್ಲಿ ಕೇಳಿದ್ದೇವೆ. ವಾರಣಾವತದಲ್ಲಿ ಪಾಂಡವರನ್ನು ಸುಡಲು ದುರ್ಯೋಧನ ಅರಗಿನ ಮನೆ ಕಟ್ಟಿಸಿದ. ವಿದುರ ಕಳಿಸಿದ ಗಣಿಗ ಒಳಗಿನಿಂದ ಸುರಂಗ ತೋಡಿದ. ಸುರಂಗದಿಂದ ಪಾಂಡವರು ಪಾರಾದ ರಾತ್ರಿ, ಊಟಕ್ಕೆ ಬಂದು ಕುಡಿದು ಮಲಗಿದ್ದ ಬೇಡರ ಹೆಂಗಸು ಮತ್ತು ಅವಳ ಐವರು ಮಕ್ಕಳು ಅಲ್ಲೇ ಬೆಂದುಹೋದರು. ಆರು ಹೆಣಗಳು ಸಿಕ್ಕಿದ್ದರಿಂದಲೇ ಕುಂತಿ ಮತ್ತು ಪಾಂಡವರು ಸತ್ತರೆಂದು ಲೋಕ ನಂಬಿತು. ಬಂಗಾಳದ ಮಹಾಶ್ವೇತಾ ದೇವಿ ಆ ಬೇಡರ ಹೆಂಗಸಿನ ಕುಲದವಳೊಬ್ಬಳನ್ನು ಕುಂತಿಯ ಎದುರು ನಿಲ್ಲಿಸಿ ಕಥೆ ಬರೆದರು. ಪಾಂಡವರ ಪಕ್ಷ ನ್ಯಾಯದ್ದು ಎಂದು ಒಪ್ಪುವವರಿಗೂ ಆ ಆರು ಹೆಣಗಳು ಗಂಟಲಲ್ಲಿ ಇಳಿಯುವುದಿಲ್ಲ. ಇಳಿಯಬಾರದು ಕೂಡ. ಉದ್ದೇಶ ಒಳ್ಳೆಯದಿದ್ದರೆ ತಪ್ಪು ಹಗುರಾಗಬಹುದು, ಸತ್ತವರ ಲೆಕ್ಕ ಅಳಿಸುವುದಿಲ್ಲ.

ಎರಡನೇ ಸೀಸನ್‌ನಲ್ಲಿ ಬರುವ ಎಫ್‌ಬಿಐ ಅಧಿಕಾರಿ ಅಲೆಕ್ಸಾಂಡರ್ ಮಹೋನ್ ಈ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸುತ್ತಾನೆ. ಮೈಕೆಲ್‌ನಷ್ಟೇ ಬುದ್ಧಿವಂತ, ಹಚ್ಚೆಯನ್ನು ಓದಬಲ್ಲವನು. ಹಿಂದೆ ಒಬ್ಬ ಕ್ರೂರ ಅಪರಾಧಿಯನ್ನು ಕಾನೂನು ಮೀರಿ ಕೊಂದು ಮನೆಯ ಹಿತ್ತಲಲ್ಲಿ ಹೂತಿದ್ದಾನೆ. ಆ ಗುಟ್ಟು ಹಿಡಿದು ಬೆದರಿಸುವವರ ಮಾತಿಗೆ ತಲೆಬಾಗಿ ಓಡಿಹೋದವರನ್ನು ಒಬ್ಬೊಬ್ಬರಾಗಿ ಮುಗಿಸಲು ಹೊರಟಿದ್ದಾನೆ. ನಿರಾಯುಧನಾದ ಟ್ವೀನರ್‌ನನ್ನು ಅವನು ಗುಂಡಿಕ್ಕಿ ಕೊಲ್ಲುವ ದೃಶ್ಯ ಇಡೀ ಸರಣಿಯಲ್ಲೇ ನೋಡಲು ಕಷ್ಟವಾದದ್ದು. ಆದರೂ ಮುಂದಿನ ಸೀಸನ್‌ಗಳಲ್ಲಿ ಮಹೋನ್ ಅಭಿಮಾನಿಗಳ ಮೆಚ್ಚಿನವನಾದ. ವಿಲಿಯಂ ಫಿಕ್ಟ್‌ನರ್‌ ಅಭಿನಯ ಅಂಥದು. ನಟನ ಕಣ್ಣಿನಲ್ಲಿ ಪಶ್ಚಾತ್ತಾಪ ಕಂಡರೆ ನೋಡುಗರು ಬೇಗ ಕ್ಷಮಿಸಿಬಿಡುತ್ತಾರೆ. ಟ್ವೀನರ್ ಪರವಾಗಿ ಕೇಳುವವರು ಕಡಿಮೆಯಾದರು, ಅದು ಅನ್ಯಾಯ.

ಎಲ್ಲ ತರ್ಕದೋಷಗಳಲ್ಲಿ ನಿಜಕ್ಕೂ ದೊಡ್ಡದು ಬೋಲ್ಟು, ಮಾತ್ರೆಗಳಿಗೆ ಸಂಬಂಧಿಸಿದ್ದಲ್ಲ. ಸರಣಿಯ ಗಡಿಯಾರವೆಲ್ಲ ಲಿಂಕನ್‌ನ ವಿದ್ಯುತ್ ಕುರ್ಚಿಯ ದಿನಾಂಕದ ಸುತ್ತ ತಿರುಗುತ್ತದೆ. ಆದರೆ 2005ರಲ್ಲಿ ಇಲಿನಾಯ್‌ನಲ್ಲಿ ಯಾರಿಗೂ ಮರಣದಂಡನೆ ಜಾರಿ ಮಾಡುತ್ತಿರಲಿಲ್ಲ, ಕಾನೂನಿನಲ್ಲಿದ್ದ ವಿಧಾನವೂ ವಿಷದ ಚುಚ್ಚುಮದ್ದು. 1977ರ ನಂತರ ಆ ರಾಜ್ಯ 12 ಜನರಿಗೆ ಮರಣದಂಡನೆ ಜಾರಿ ಮಾಡಿತ್ತು, ಅದೇ ಅವಧಿಯಲ್ಲಿ ಮರಣದಂಡನೆಗೆ ಕಾದಿದ್ದ 13 ಜನ ನಿರಪರಾಧಿಗಳೆಂದು ಬಿಡುಗಡೆಯಾಗಿದ್ದರು. ಈ ಲೆಕ್ಕ ಮುಂದಿಟ್ಟು ರಾಜ್ಯಪಾಲ ಜಾರ್ಜ್ ರಯಾನ್ 2000ರ ಜನವರಿಯಲ್ಲಿ ಎಲ್ಲ ಮರಣದಂಡನೆಗಳಿಗೂ ತಡೆ ಕೊಟ್ಟರು. ಅಧಿಕಾರ ಬಿಡುವ ಮುನ್ನ, 2003ರ ಜನವರಿಯಲ್ಲಿ, ಉಳಿದಿದ್ದ ಮರಣದಂಡನೆಗಳನ್ನೆಲ್ಲ ಕಡಿಮೆ ಶಿಕ್ಷೆಗೆ ಇಳಿಸಿದರು. 2011ರಲ್ಲಿ ರಾಜ್ಯ ಮರಣದಂಡನೆಯನ್ನೇ ರದ್ದು ಮಾಡಿತು. ಅಂದರೆ ಲಿಂಕನ್‌ನಂಥ ನಿರಪರಾಧಿಗಳು ಇಲಿನಾಯ್‌ನಲ್ಲಿ ನಿಜವಾಗಿಯೂ ಇದ್ದರು. ಅವರಿಗೆ ಬಾಗಿಲು ತೆರೆದದ್ದು ಸುರಂಗವಲ್ಲ, ಬಿಡದೆ ಕೆದಕಿದ ವಕೀಲರು, ಪತ್ರಕರ್ತರು, ವಿದ್ಯಾರ್ಥಿಗಳು. ಸರಣಿಯಲ್ಲೂ ಲಿಂಕನ್‌ನ ಪರ ಹೊರಗಡೆ ದಾಖಲೆ ಹುಡುಕುವ ವೆರೋನಿಕಾ ಎಂಬ ವಕೀಲೆ ಇದ್ದಾಳೆ. ಎರಡನೇ ಸೀಸನ್‌ನ ಆರಂಭದಲ್ಲೇ ಅವಳನ್ನು ಕೊಂದುಬಿಟ್ಟರು. ಕಥೆ ಆಗ ಕಳೆದುಕೊಂಡದ್ದನ್ನು ಮತ್ತೆ ಗಳಿಸಲಿಲ್ಲ.

ಮೂರನೇ ಸೀಸನ್‌ನಿಂದ ಮುಂದಕ್ಕೆ ತರ್ಕವೂ ನೀತಿಯೂ ಒಟ್ಟಿಗೆ ಸಡಿಲವಾದವು. 2007ರಲ್ಲಿ ಪೆಟ್ಟಿಗೆಯೊಂದರಲ್ಲಿ ಸಾರಾಳ ಕತ್ತರಿಸಿದ ತಲೆಯನ್ನು ಲಿಂಕನ್ ನೋಡುತ್ತಾನೆ. ನಟಿ ಸಾರಾ ವೇಯ್ನ್ ಕ್ಯಾಲಿಸ್ ಸರಣಿಯಿಂದ ದೂರವಾಗಿದ್ದರು. ಅಭಿಮಾನಿಗಳು ಸಿಡಿದೆದ್ದರು. ಮರುವರ್ಷ ಸಾರಾ ಜೀವಂತವಾಗಿ ಮರಳಿದಳು, ಆ ತಲೆ ಬೇರೆಯವರದು ಎಂದು ವಿವರಣೆ ಬಂತು. ಅವಳು ಮರಳಿದ್ದಕ್ಕೆ ಸಂತೋಷಪಟ್ಟವರೇ ಆ ವಿವರಣೆಯನ್ನು ಒಪ್ಪಲಿಲ್ಲ. 2009ರಲ್ಲಿ ಮೈಕೆಲ್ ಸಾರಾಳನ್ನು ಜೈಲಿನಿಂದ ಬಿಡಿಸಲು ಪ್ರಾಣ ಕೊಟ್ಟ, ಗೋರಿಯನ್ನೂ ತೋರಿಸಿದರು. 2017ರಲ್ಲಿ ಅವನು ಯೆಮನ್‌ನ ಜೈಲೊಂದರಲ್ಲಿ ಬದುಕಿದ್ದ. ಸಾವಿಗೆ ಬೆಲೆಯಿಲ್ಲದ ಕಥೆಯಲ್ಲಿ ತ್ಯಾಗಕ್ಕೂ ಬೆಲೆಯಿಲ್ಲ, ಅಪರಾಧಕ್ಕೂ ಇಲ್ಲ. ಮುಖ್ಯ ಪಾತ್ರಗಳು ಎದ್ದು ಬರುತ್ತವೆ, ಬಾಬ್ ಮಾತ್ರ ಸತ್ತೇ ಇರುತ್ತಾನೆ.

ಒಂದು ದೃಶ್ಯ ಇದಕ್ಕೆ ಅಪವಾದ. ನಾಲ್ಕನೇ ಸೀಸನ್‌ನ ಕೊನೆಯಲ್ಲಿ, ಸರ್ಕಾರಿ ಪಿತೂರಿಗಾಗಿ ಹಲವರನ್ನು ಕೊಂದ ಪಾಲ್ ಕೆಲ್ಲರ್‌ಮನ್ ಪಕ್ಷ ಬದಲಿಸಿ, ಸಂಸದನಾಗಿ ಮರ್ಯಾದಸ್ಥನಾಗಿದ್ದಾನೆ. ಅವನು ಕೊಂದ ಸಹೋದ್ಯೋಗಿಯ ಹೆಂಡತಿ ಎದುರು ಬಂದು ಮುಖಕ್ಕೆ ಉಗಿಯುತ್ತಾಳೆ. ಕ್ಷಮಾಪತ್ರ, ಪದವಿ ಎಲ್ಲ ಕೊಡುವವರು ಕೊಟ್ಟರೂ, ಕಳೆದುಕೊಂಡವಳು ಕೊಟ್ಟಿಲ್ಲ ಎಂದು ಸರಣಿ ಅಲ್ಲಿ ನೆನಪಿಟ್ಟುಕೊಂಡಿದೆ. ಮೈಕೆಲ್‌ನ ಎದುರು ಹಾಗೆ ಬಂದು ನಿಲ್ಲುವ ಅವಕಾಶ ಬಾಬ್‌ನ ಮನೆಯವರಿಗೆ 90 ಕಂತುಗಳಲ್ಲಿ ಒಮ್ಮೆಯೂ ಸಿಗಲಿಲ್ಲ.

ಫಾಕ್ಸ್ ರಿವರ್ ಎಂದು ತೋರಿಸಿದ ಕಟ್ಟಡ ಜೋಲಿಯೆಟ್ ಊರಿನ ನಿಜವಾದ ಜೈಲು. 1858ರಲ್ಲಿ ತೆರೆದು 2002ರಲ್ಲಿ ಮುಚ್ಚಿದ ಆ ಸುಣ್ಣಕಲ್ಲಿನ ಗೋಡೆಗಳನ್ನು 2018ರಿಂದ ಪ್ರವಾಸಿಗರು ಟಿಕೆಟ್ ಕೊಟ್ಟು ನೋಡುತ್ತಿದ್ದಾರೆ. ಸರಣಿ 2024ರಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್‌ಗೆ ಬಂದಾಗ, ಅದು ಶುರುವಾದಾಗ ಹುಟ್ಟಿಯೇ ಇರದವರೂ ನೋಡತೊಡಗಿದರು. ಹೊಸದಾಗಿ ನೋಡುವವರು ಮೊದಲ ಎರಡು ಸೀಸನ್ ನೋಡಿ ಅಲ್ಲಿಗೆ ನಿಲ್ಲಿಸಬಹುದು, ಹೇಳಬೇಕಾದದ್ದು ಅಷ್ಟರಲ್ಲಿ ಮುಗಿದಿದೆ. ನೋಡುವಾಗ ಮೊದಲ ಸೀಸನ್‌ನ ಆರು ಮತ್ತು ಏಳನೇ ಕಂತುಗಳನ್ನು ಮಾತ್ರ ಅವಸರದಲ್ಲಿ ಓಡಿಸಬೇಡಿ. ಗೋಡೆ ಕೊರೆಯುವವನ ಕೈಚಳಕ ನೋಡಿ, ಬಾಬ್ ಎಲ್ಲಿದ್ದಾನೆಂಬುದನ್ನೂ ನೋಡುತ್ತಿರಿ.